ಕರಿಯ ಇವತ್ತು ಊಟ ಮಾಡಿದ್ನಾ?

ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರೋಕೆ ಬಾಗಿಲು ತೆಗೆದರೆ ನನಗಿಂತ ಮುಂಚೆ ಗೇಟಿನ ಹತ್ತಿರ ಓಡುತ್ತಿದ್ದವನು ಆವತ್ತು ಗೋಣಿಚೀಲ ಬಿಟ್ಟು ಏಳಲಿಲ್ಲ. ಕುತ್ತಿಗೆ ಸವರಿದೆ. ದವಡೆಯ ಕೆಳಗೆ ಎರಡೂ ಕಡೆ ನಿಂಬೆಹಣ್ಣಿನಷ್ಟು ಗಂಟು! ಮುಟ್ಟಿದರೆ ನೋವೂ ಇದ್ದಂತಿರಲಿಲ್ಲ. 'ಏನೋ ಕಚ್ಚಿರತ್ತೆ ಬಿಡು' ಅಂದರು ಯಜಮಾನರು. ವಾರವಾದರೂ ಕರಗಲಿಲ್ಲ. ಗಂಟಿಗೆ ಸೂಜಿ ಹಾಕಿ ಪರೀಕ್ಷಿಸಿದ ಡಾಕ್ಟರು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಂದರು.

ಕರಿಯ ಜಾತಿ ನಾಯಿಯಲ್ಲ. ನನ್ನ ತವರು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ. ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಸ್ಥಾನ ಇದೆಯಲ್ಲ, ಅದೇ ಊರು. ಅಲ್ಲಿಂದ ರಾಗಿ ಮೂಟೆಯ ಜೊತೆ ಮೈಸೂರಿಗೆ ಬಂದ ನಾಟಿ ಮರಿ ಇವನು. ಹಾಗಾಗಿ ಕೀಮೋಥೆರಪಿ ಅಂದಾಗ ನೆಂಟರು ನಕ್ಕರು. 'ಬೀದಿನಾಯಿಗೂ ಕ್ಯಾನ್ಸರ್ ಟ್ರೀಟ್‌ಮೆಂಟಾ? ದುಡ್ಡು ಜಾಸ್ತಿ ಆಯ್ತಾ?' ಅವರಿಗೆ ಆತಕೂರಿನ ಶಾಸನ ತೋರಿಸಬೇಕು. ಅದೂ ನಮ್ಮ ಮಂಡ್ಯ ಜಿಲ್ಲೆಯದೇ. ಕ್ರಿ.ಶ. 950ರ ಸುಮಾರಿನಲ್ಲಿ ಕಾಡುಹಂದಿಯ ಜೊತೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗಾಗಿ ಅದರ ಒಡೆಯ ಮಣಲೇರ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಇರಲಿ. ನಿಮ್ಮ ಮನೆಯಲ್ಲೂ ಇಂಥ ದಿನ ಬಂದರೆ ಒಂದು ವಿಷಯ ಮೊದಲೇ ಕೇಳಿ ತಿಳಿದುಕೊಳ್ಳಿ. ನಾಯಿಗೆ ಕೊಡುವ ಕೀಮೋ ಮನುಷ್ಯರಿಗೆ ಕೊಡುವಷ್ಟು ತೀಕ್ಷ್ಣವಲ್ಲ. ಕಾಯಿಲೆಯನ್ನು ಬೇರುಸಮೇತ ಕೀಳುವುದಕ್ಕಿಂತ, ಇರುವಷ್ಟು ದಿನ ಅದು ಆರಾಮಾಗಿರಲಿ ಎಂಬುದೇ ಗುರಿ. ಲಿಂಫೋಮಾಕ್ಕೆ ಚಿಕಿತ್ಸೆಯೇ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ತಿಂಗಳು. ಹಲವು ಔಷಧಗಳ ಕೀಮೋ ಒಗ್ಗಿದರೆ ವರ್ಷದ ಆಸುಪಾಸು. ಪೂರ್ತಿ ವಾಸಿಯಾಗುವುದು ಅಪರೂಪ. ಇದನ್ನು ಮಕ್ಕಳಿಗೂ ಹೇಳಿಬಿಡಿ. ನಾನು ಹೇಳದೆ ತಪ್ಪು ಮಾಡಿದೆ.

ಮೊದಲ ಇಂಜೆಕ್ಷನ್ನಿಗೇ ಗಂಟು ಇಳಿದವು. ಹಬ್ಬ ಬಂದಂತಾಯಿತು! ಪ್ರೆಡ್ನಿಸೊಲೋನ್ ಮಾತ್ರೆ ಶುರುವಾದ ಮೇಲೆ ವಿಪರೀತ ಬಾಯಾರಿಕೆ, ಹಸಿವು, ಹಾಲ್ ತುಂಬ ಮೂತ್ರ. ಗದರಬೇಡಿ, ಅದು ಮಾತ್ರೆಯ ಕೆಲಸ. ಆದರೆ ಆ ಮಾತ್ರೆಯನ್ನು ನೀವಾಗಿ ದಿಢೀರನೆ ನಿಲ್ಲಿಸಲೂಬಾರದು. ಕೀಮೋ ಆದ ಎರಡು ಮೂರು ದಿನ ಮೂತ್ರ, ವಾಂತಿ ಒರೆಸುವಾಗ ಗ್ಲೌಸ್ ಹಾಕಿಕೊಳ್ಳಿ. ಮನೆಯಲ್ಲಿ ಬಸುರಿ ಇದ್ದರೆ ಅವರು ಆ ಕೆಲಸಕ್ಕೆ ಹೋಗಬಾರದು. ಕ್ಯಾನ್ಸರ್ ನಮಗೆ ಅಂಟುವುದಿಲ್ಲ, ಔಷಧದ ಅಂಶಕ್ಕಷ್ಟೇ ಈ ಎಚ್ಚರಿಕೆ. ವಾರದ ಆಸುಪಾಸಿನಲ್ಲಿ ಬಿಳಿ ರಕ್ತಕಣ ಕುಸಿಯುವುದರಿಂದ ಜ್ವರ 103 ಡಿಗ್ರಿ ದಾಟಿದರೆ, ನಾಯಿ ಮಂಕಾದರೆ, ಬೆಳಗಾಗಲಿ ಅಂತ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರ ಕೊಡಲೇಬೇಡಿ. ನಾಯಿಗೆ ಅವು ವಿಷವಾಗಬಹುದು.

ಊಟ ಬಿಟ್ಟಾಗ ಉಗುರುಬೆಚ್ಚಗೆ ಮಾಡಿ ಕೊಟ್ಟರೆ ವಾಸನೆಗಾದರೂ ಮೂತಿ ಹಾಕುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಮತ್ತು ಅನ್ನ ನಮ್ಮಲ್ಲಿ ಕೆಲಸ ಮಾಡಿತು. ಹಸಿ ಮಾಂಸ, ಹಸಿ ಮೊಟ್ಟೆ ಬೇಡ.

ಏಳನೇ ತಿಂಗಳಲ್ಲಿ ಗಂಟು ಮರಳಿತು. ನಿಜವಾದ ಕಷ್ಟ ಆಗ ಶುರುವಾಯ್ತು. ಗೋವಿಂದನಹಳ್ಳಿಯಿಂದ ಅಮ್ಮ ದಿನಾ ಸಂಜೆ ಫೋನಿನಲ್ಲಿ ಕೇಳೋಳು, 'ಕರಿಯ ಇವತ್ತು ಊಟ ಮಾಡಿದ್ನಾ?' ನನ್ನ ಬೆರಳು ನೆಕ್ಕಿದ್ದನ್ನೂ ಲೆಕ್ಕಕ್ಕೆ ಹಿಡಿದು 'ಮಾಡ್ದ ಕಣಮ್ಮ' ಅನ್ನುತ್ತಿದ್ದೆ. ಅಮ್ಮನಿಗಲ್ಲ, ನನಗೇ ಸುಳ್ಳು ಹೇಳಿಕೊಳ್ಳುತ್ತಿದ್ದೆ. ದಿನವೆಲ್ಲ ಮನೆಯಲ್ಲಿರುವವರಿಗೆ ಇಳಿತ ಕಾಣುವುದೇ ಇಲ್ಲ ನೋಡಿ, ನಿನ್ನೆಗೂ ಇವತ್ತಿಗೂ ಕೂದಲೆಳೆಯ ವ್ಯತ್ಯಾಸ ಅಷ್ಟೇ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಲು ಹೇಳಿದ್ದು ಡಾಕ್ಟರೇ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಕೊಟ್ಟ ಅಳತೆಯೊಂದಿದೆ. ನೋವು ಹತೋಟಿಯಲ್ಲಿದೆಯೇ, ತಿನ್ನುತ್ತದೆಯೇ, ನೀರು ಸಾಲುತ್ತಿದೆಯೇ, ಮೈ ಚೊಕ್ಕಟವಾಗಿದೆಯೇ, ಖುಷಿಯಿದೆಯೇ, ಓಡಾಡುತ್ತದೆಯೇ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ ಎಂಬ ಏಳು ಪ್ರಶ್ನೆಗೆ ಹತ್ತತ್ತು ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಮುಂದುವರಿಸಬಹುದು. ನಾನು ಇಷ್ಟೆಲ್ಲ ಬರೆಯಲಿಲ್ಲ, ಒಳ್ಳೆಯ ದಿನಕ್ಕೆ ಟಿಕ್, ಕೆಟ್ಟ ದಿನಕ್ಕೆ ಇಂಟು. ಅಂಕ ಹಾಕಿದ್ದು ಪಿಯುಸಿ ಓದುವ ಮಗ. 'ಇನ್ನೊಂದೇ ಇಂಜೆಕ್ಷನ್ ಅಮ್ಮಾ' ಎಂದು ಹಟ ಹಿಡಿದಿದ್ದವನೂ ಅವನೇ. ಹತ್ತು ದಿನದಲ್ಲಿ ಏಳು ಇಂಟು ಬಂದ ರಾತ್ರಿ ಅವನು ಪೆನ್ನು ಕೆಳಗಿಟ್ಟು, 'ಸಾಕು, ಡಾಕ್ಟ್ರಿಗೆ ಫೋನ್ ಮಾಡು' ಅಂದ. ಯಜಮಾನರು ಟೀವಿ ಆಫ್ ಮಾಡಿದರು.

ದಯಾಮರಣ ಎಂದರೆ ಹೆದರಿದ್ದೆ. ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಹೆಚ್ಚಿನ ಪ್ರಮಾಣದ ಅರಿವಳಿಕೆ. ಮಗನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಕಣ್ಣು ತೆರೆದೇ ಇರುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಊರಿಗೆ ಒಯ್ದು ತೆಂಗಿನ ತೋಟದಲ್ಲಿ ಮಣ್ಣು ಮಾಡಿದೆವು. ಅರಿವಳಿಕೆಯ ಅಂಶ ದೇಹದಲ್ಲಿ ಉಳಿದಿರುವುದರಿಂದ ಬೇರೆ ಪ್ರಾಣಿಗಳು ಕೆದಕದಷ್ಟು ಆಳಕ್ಕೆ ಗುಂಡಿ ತೋಡಿಸಬೇಕು.

ಉಳಿದ ಮಾತ್ರೆಗಳನ್ನು ಕಸಕ್ಕೆ, ಸಿಂಕಿಗೆ ಹಾಕದೆ ಡಾಕ್ಟರಿಗೇ ವಾಪಸ್ ಕೊಡಿ. ಅಮ್ಮ ಈಗಲೂ ಸಂಜೆ ಅದೇ ಹೊತ್ತಿಗೆ ಫೋನ್ ಮಾಡುತ್ತಾಳೆ. 'ಊಟ ಮಾಡ್ದಾ?' ಅಂತ ಈಗ ನನ್ನನ್ನು ಕೇಳುತ್ತಾಳೆ.