ಕಾವೇರಿಯ ಗಂಡನಿಗೆ ಯಾವ ಸೆಕ್ಷನ್?

‘ಶರಪಂಜರ’ದ ಕಾವೇರಿಯ ಗಂಡನ ಮೇಲೆ ಯಾವ ಸೆಕ್ಷನ್ ಹಾಕ್ತೀರಿ? ಹೇಳಿ ನೋಡೋಣ!

ಆತ ನಮ್ಮ ಸಿನಿಮಾಗಳ ಮಾಮೂಲಿ ವಿಲನ್ ಅಲ್ಲ. ಚಾಕು ಇಲ್ಲ, ಚಾವಟಿ ಇಲ್ಲ. ಮೆಚ್ಚಿ ಕೈ ಹಿಡಿದವನೇ. ಬಾಣಂತನದಲ್ಲಿ ಮನಸ್ಸು ಕೆಟ್ಟಿದ್ದ ಹೆಂಡತಿ ಆಸ್ಪತ್ರೆಯಿಂದ ಗುಣವಾಗಿ ಬಂದರೆ ಹತ್ತಿರ ಸೇರಿಸೋದಿಲ್ಲ, ಅಷ್ಟೇ. ಅವಳ ಹಳೇ ಕಥೆಯ ಸಂಶಯ ಒಂದು ಕಡೆ, ಆಫೀಸಿನ ಹೆಣ್ಣಿನ ಸಹವಾಸ ಇನ್ನೊಂದು ಕಡೆ. ಸುತ್ತಲಿನವರ ಕಣ್ಣಿಗೆ ಅವಳು ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು. ಕೊನೆಗೆ ಪಾಪ, ಮತ್ತೆ ಆಸ್ಪತ್ರೆಯೇ ಗತಿ!

ತ್ರಿವೇಣಿಯವರ ಕಾದಂಬರಿ, 1972ರಲ್ಲಿ ತೆರೆಗೆ ಬಂದ ಪುಟ್ಟಣ್ಣ ಕಣಗಾಲರ ಚಿತ್ರ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ಟಿವಿಯಲ್ಲಿ ಮೂರು ಸಲ ನೋಡಿದ್ದೇನೆ. ಎರಡು ಸಲ ಮಿನುಗುತಾರೆ ಕಲ್ಪನಾ ಅಳಿಸಿದರು. ಮೂರನೇ ಸಲ ಅಳು ಬರಲಿಲ್ಲ, ಸಿಟ್ಟು ಬಂತು.

ಪಿಯುಸಿಗೇ ಪುಸ್ತಕ ಮಡಚಿಟ್ಟ ನಾನು ಲಾಯರ್ ಅಲ್ಲ. ಆದರೆ ಕಾಯ್ದೆ ಓದೋಕೆ ಡಿಗ್ರಿ ಬೇಕಿಲ್ಲ ನೋಡಿ. 1972ರಲ್ಲಿ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಗಂಡ-ಹೆಂಡಿರಲ್ಲಿ ಒಬ್ಬರಿಗೆ ವಾಸಿಯಾಗದ ಮನೋರೋಗವಿದ್ದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದಿತ್ತು. ‘ಕ್ರೌರ್ಯ’ ಅಂತ ಕೇಳಿದರೆ ಬೇರೆ ವಾಸಕ್ಕೆ ಮಾತ್ರ ಅನುಮತಿ! ಆ ಕಾರಣಕ್ಕೆ ವಿಚ್ಛೇದನದ ಬಾಗಿಲು ತೆರೆದದ್ದು 1976ರ ತಿದ್ದುಪಡಿಯಲ್ಲಿ. ಅಂದರೆ ಹೆಂಡತಿಗೆ ಹುಚ್ಚು ಹಿಡಿದರೆ ಗಂಡನಿಗೆ ದಾರಿ ಇತ್ತು. ಗಂಡನೇ ಹುಚ್ಚು ಹಿಡಿಸಿದರೆ ಹೆಂಡತಿಗೆ ಇರಲಿಲ್ಲ. ಹೇಗಿದೆ ನ್ಯಾಯ?

ಕಾವೇರಿಗೊಬ್ಬಳು ಅಕ್ಕ ಹಾಲಿವುಡ್‌ನಲ್ಲಿದ್ದಾಳೆ. 1944ರ ‘ಗ್ಯಾಸ್‌ಲೈಟ್’ ಚಿತ್ರದ ಇಂಗ್ರಿಡ್ ಬರ್ಗ್‌ಮನ್. ಆಸ್ಕರ್ ತಂದುಕೊಟ್ಟ ಪಾತ್ರ. ಲಂಡನ್ನಿನ ಮನೆಯೊಂದರಲ್ಲಿ ಗಂಡ ತಾನೇ ವಸ್ತು ಬಚ್ಚಿಟ್ಟು ‘ನೀನೇ ಕಳೆದೆ, ನಿನಗೆ ಮರೆವು’ ಅಂತಾನೆ. ರಾತ್ರಿ ಗ್ಯಾಸ್ ದೀಪ ತಾನಾಗಿ ಮಂಕಾಗುತ್ತೆ; ‘ಅದೆಲ್ಲಾ ನಿನ್ನ ಭ್ರಮೆ’ ಅಂತಾನೆ. ಅಟ್ಟದಲ್ಲಿ ದೀಪ ಹಚ್ಚಿಕೊಂಡು ಒಡವೆ ಹುಡುಕುತ್ತಿರುವವನು ಅವನೇ! ಹಿಂದೆ ಆಕೆಯ ಚಿಕ್ಕಮ್ಮನನ್ನು ಕೊಂದದ್ದೂ ಅದೇ ಒಡವೆಗಾಗಿ. ಕೊನೆಗೆ ಪೊಲೀಸ್ ಹಿಡಿಯುವುದು ಆ ಕೊಲೆ, ಆ ಒಡವೆಗೆ. ಹೆಂಡತಿಯ ಬುದ್ಧಿಯನ್ನೇ ಕದ್ದದ್ದಕ್ಕೆ ಸೆಕ್ಷನ್ ಇಲ್ಲ. ನಮ್ಮ ಕಾವೇರಿಯ ಮನೆಯ ಅಟ್ಟದಲ್ಲಿ ಒಡವೆ ಇರಲಿಲ್ಲ. ಪೊಲೀಸ್ ಯಾಕೆ ಬರ್ತಾನೆ?

ಅದೇ ಇಂಗ್ಲೆಂಡಿನಲ್ಲಿ 2015ರಿಂದ ಕಾನೂನಿದೆ. ಮನೆಯವರನ್ನು ಮತ್ತೆ ಮತ್ತೆ ಹತೋಟಿಯಲ್ಲಿಟ್ಟು, ದಿನನಿತ್ಯದ ಬದುಕೇ ಕೆಡುವಷ್ಟು ಭಯ-ಸಂಕಟ ಕೊಟ್ಟರೆ 5 ವರ್ಷದವರೆಗೆ ಜೈಲು. ಮೈಮೇಲೆ ಗಾಯ ಬೇಕಿಲ್ಲ. ಗಂಡನೋ ಹೆಂಡತಿಯೋ, ಯಾರು ಮಾಡಿದರೂ ತಪ್ಪು ತಪ್ಪೇ.

ನಮ್ಮಲ್ಲಿ? ಇಲ್ಲವೇ ಇಲ್ಲ ಅನ್ನಬೇಡಿ. 1983ರಲ್ಲಿ ಬಂದ 498-ಎ, ಹೆಂಡತಿಯ ಮಾನಸಿಕ ಆರೋಗ್ಯಕ್ಕೆ ಅಪಾಯ ತರುವ ನಡತೆಯನ್ನೂ ಕ್ರೌರ್ಯ ಅಂತಲೇ ಕರೆಯಿತು. 3 ವರ್ಷದವರೆಗೆ ಸಜೆ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಸೆಕ್ಷನ್. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೂ ಬಿಡಿಸಿ ಬಿಡಿಸಿ ಹೇಳುತ್ತೆ: ಅವಮಾನ, ಗೇಲಿ, ಅಡ್ಡಹೆಸರು, ಗಂಡು ಮಗು ಹೆರಲಿಲ್ಲ ಅನ್ನುವ ಚುಚ್ಚು, ಎಲ್ಲವೂ ದೌರ್ಜನ್ಯ. ‘ಹುಚ್ಚಿ’ ಅನ್ನುವುದೂ ಇದರಲ್ಲೇ ಬಂತು. ಆದರೆ ನೇರ ಜೈಲಿಲ್ಲ. ಮೊದಲು ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶ. ಅದನ್ನು ಮುರಿದರೆ 1 ವರ್ಷದವರೆಗೆ ಸಜೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ನನಗೆ ಕೇಳಿದರೆ ಈ ಕ್ರಮವೇ ಸರಿ. ಒಂದು ದಿನದ ಜಗಳಕ್ಕೆಲ್ಲಾ ಕೋಳ ಹಾಕಿದರೆ ಯಾವ ಮನೆಯೂ ಉಳಿಯೋದಿಲ್ಲ. 498-ಎ ಕೇಸು ಅಂದಕೂಡಲೇ ಯಾಂತ್ರಿಕವಾಗಿ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟೇ 2014ರಲ್ಲಿ ಪೊಲೀಸರಿಗೆ ಹೇಳಿತು. ಆದರೆ ‘ಇನ್ನು ಸಾಕು’ ಅಂತ ಕೋರ್ಟು ಹೇಳಿದ ಮೇಲೂ ಚುಚ್ಚುವವನು ಸಿಟ್ಟಿನಲ್ಲಿ ಬಾಯಿತಪ್ಪಿ ಆಡಿದವನಲ್ಲ. ಅವನಿಗೆ ಶಿಕ್ಷೆ ಆಗಲೇಬೇಕು.

ಕಷ್ಟ ಇರುವುದು ಸಾಕ್ಷಿಯಲ್ಲಿ. ಮುರಿದ ಕೈಗೆ ಎಕ್ಸ್‌ರೇ ಇದೆ. ಮುರಿದ ಮನಸ್ಸಿನವಳು ಹೇಳಿದರೆ ‘ಅವಳಿಗೆ ತಲೆ ಸರಿ ಇಲ್ಲ’ ಅಂತ ಅದೇ ಗಂಡ ಉತ್ತರ ಕೊಡ್ತಾನೆ! ‘ಗ್ಯಾಸ್‌ಲೈಟ್’ನಲ್ಲಿ ಆಕೆ ಬದುಕಿಕೊಂಡದ್ದು ಹೇಗೆ ಗೊತ್ತೇ? ಹೊರಗಿನಿಂದ ಬಂದ ಪತ್ತೇದಾರ ದೀಪ ಮಂಕಾಗುವುದನ್ನು ತನ್ನ ಕಣ್ಣಾರೆ ಕಂಡ. ‘ಹೌದು, ನಾನೂ ನೋಡಿದೆ’ ಅನ್ನುವ ಒಬ್ಬರು ಸಿಕ್ಕರು.

ಕಾವೇರಿಗೆ ಅಂಥವರು ಸಿಗಲಿಲ್ಲ. ನೆರೆಹೊರೆಯವರು ಎಲ್ಲಾ ನೋಡಿದರು, ಆಡಿಕೊಂಡರು. 2005ರ ಕಾಯ್ದೆಯ 4ನೇ ಸೆಕ್ಷನ್ ಇದೆಯಲ್ಲ, ಅದು ಇಂಥವರಿಗಾಗಿಯೇ ಬರೆದಂತಿದೆ. ದೌರ್ಜನ್ಯ ನಡೆಯುತ್ತಿದೆ ಅಂತ ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರೋದಿಲ್ಲ. ಅಧಿಕಾರಿ ಯಾರೋ ಎಲ್ಲೋ ಅಂತ ತಿಳಿಯದಿದ್ದರೆ ಮಹಿಳಾ ಸಹಾಯವಾಣಿ 181 ಇದೆ. ಫೋನಿಗೆ ಕಾಸು ಖರ್ಚಿಲ್ಲ.