‘ಮನ್ಯಾಗ ಅಂಗವಿಕಲರು ಅದಾರೇನು?’

ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಂದು ಹಳ್ಳಿ, ಕಟ್ಟೆಯ ಮೇಲೆ ಕೂತ ಒಬ್ಬ ಅಜ್ಜಿ. ಬೆನ್ನು ಬಾಗಿದೆ. ಯಾರಾದರೂ ಕರೆದರೆ ಕತ್ತು ಹೊರಳಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಾಳೆ. ಗಣತಿಯವರು ಬಂದು ‘ಮನ್ಯಾಗ ಅಂಗವಿಕಲರು ಅದಾರೇನು?’ ಎಂದರೆ ಸೊಸೆಯ ಉತ್ತರ ‘ಇಲ್ರಿ’. ಅಜ್ಜಿಯದು? ‘ವಯಸ್ಸಾತಲ್ರಿ, ಅಷ್ಟ.’

ಇದು ಊಹೆಯ ಚಿತ್ರವೇ. ಆದರೆ 2011ರ ಜನಗಣತಿಯೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಕೇಳಿತ್ತು. ಸಿಕ್ಕ ಲೆಕ್ಕ: ದೇಶದಲ್ಲಿ ಶೇ 2.21, ಕರ್ನಾಟಕದಲ್ಲಿ 13.24 ಲಕ್ಷ ಜನ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರಿಗೆ ಗಣನೀಯ ಅಂಗವೈಕಲ್ಯವಿದೆ. ಎರಡು ಅಳತೆಗೋಲುಗಳೂ ಒಂದೇ ಅಲ್ಲ, ನಿಜ. ಆದರೂ ಇಷ್ಟು ಅಂತರ ಬಂದದ್ದು ನಮ್ಮ ಜನ ಅಷ್ಟು ಗಟ್ಟಿಮುಟ್ಟಾಗಿದ್ದಾರೆ ಎಂದಲ್ಲ.

2001ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ‘ವಾಷಿಂಗ್ಟನ್ ಗ್ರೂಪ್’ ತನ್ನ ಪ್ರಶ್ನೆಗಳಲ್ಲಿ ಅಂಗವೈಕಲ್ಯ ಎಂಬ ಶಬ್ದವನ್ನೇ ಕೈಬಿಟ್ಟಿತು. ಕನ್ನಡಕ ಹಾಕಿಕೊಂಡರೂ ಕಾಣಲು ತ್ರಾಸ ಆಗುತ್ತದೆಯೇ? ಕಿವಿಯಂತ್ರವಿದ್ದರೂ ಕೇಳಲು? ನಡೆಯಲು, ಮೆಟ್ಟಿಲು ಹತ್ತಲು? ನೆನಪಿಟ್ಟುಕೊಳ್ಳಲು? ಸ್ನಾನ ಮಾಡಿ ಬಟ್ಟೆ ತೊಡಲು? ಮಾತು ತಿಳಿಸಲು? ಆರೇ ಪ್ರಶ್ನೆ. ಉತ್ತರವೂ ಹೌದು-ಇಲ್ಲ ಎಂದಲ್ಲ. ಏನೂ ಇಲ್ಲ, ಸ್ವಲ್ಪ, ಬಹಳ, ಆಗೋದೇ ಇಲ್ಲ ಎಂಬ ನಾಲ್ಕು ಹಂತ. ‘ಬಹಳ’ದಿಂದ ಮುಂದಿನವರು ಲೆಕ್ಕಕ್ಕೆ ಸೇರುತ್ತಾರೆ. ಅಜ್ಜಿಯೂ ಸೇರುತ್ತಾಳೆ. (ಮೆಟ್ಟಿಲೇ ಇಲ್ಲದ ಮನೆಯಲ್ಲಿ ಮೆಟ್ಟಿಲಿನ ಪ್ರಶ್ನೆ ಕೇಳಿದರೆ ಏನು ಉತ್ತರ ಬರುತ್ತದೋ! ಪ್ರಶ್ನೆಯನ್ನು ಕೊಪ್ಪಳದ ಮಾತಿಗೆ ಒಗ್ಗಿಸುವುದೂ ಸಂಶೋಧನೆಯ ಕೆಲಸವೇ.)

ಅಜ್ಜಿಯ ಬೆನ್ನಿಗೆ ವಯಸ್ಸೊಂದೇ ಕಾರಣವಾಗಿರಬೇಕಿಲ್ಲ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ, ಭತ್ತದ ಗದ್ದೆಗಳಿವೆ. ಒಣಬೇಸಾಯದ ಕುಷ್ಟಗಿ, ಯಲಬುರ್ಗಾಗಳು ಬಹುಕಾಲ ನೆಚ್ಚಿದ್ದು ಕೊಳವೆಬಾವಿಯನ್ನು. ಅಲ್ಲಿ ಗ್ರಾನೈಟ್, ನೈಸ್ ಬಂಡೆಗಳ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ನೀರೇ ಇಲ್ಲದ ಕಡೆ 1.5. ಈ ಗೆರೆ ದಾಟಿದ ಬಾವಿಗಳು ಈ ತಾಲ್ಲೂಕುಗಳಲ್ಲಿ ದಾಖಲಾಗಿವೆ. ಈ ನೀರು ಕುಡಿದವರ ಮೂಳೆಯ ಹರಳಿನಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ದಶಕಗಳಾದ ಮೇಲೆ ಕೀಲುಗಳ ಅಸ್ಥಿರಜ್ಜುಗಳಲ್ಲೂ ಸುಣ್ಣ ಕಟ್ಟಿ ಬೆನ್ನುಮೂಳೆ ಬಾಗಿದಲ್ಲೇ ಸೆಟೆಯುತ್ತದೆ. ಆಮೇಲೆ ನೀರು ಬದಲಿಸಿದರೂ ಬಾಗಿದ ಬೆನ್ನು ನೆಟ್ಟಗಾಗದು.

ಎಣಿಸಿದ ಮೇಲೆ ಇನ್ನೊಂದು ಲೆಕ್ಕ: ಬೇಕಾದದ್ದರಲ್ಲಿ ಸಿಕ್ಕದ್ದೆಷ್ಟು? ಕೆಲವು ಬಡದೇಶಗಳಲ್ಲಿ ಗಾಲಿಕುರ್ಚಿ, ಕಿವಿಯಂತ್ರದಂಥ ಸಾಧನ ಬೇಕಾದವರಲ್ಲಿ ಶೇ 3ರಷ್ಟು ಮಂದಿಗೆ ಮಾತ್ರ ಅವು ಸಿಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2022ರ ವರದಿ. ‘ನಿಮಗೇನು ಬೇಕು?’ ಎಂದು ಕೇಳಿ ಬರೆದುಕೊಂಡರೆ ಈ ಕೊರತೆಯೂ ಪೂರ್ತಿ ಕಾಣುವುದಿಲ್ಲ. ಕಿವಿಯಂತ್ರವನ್ನೇ ಕಾಣದವರು ಅದನ್ನು ಕೇಳುವುದುಂಟೇ? ಅವರು ಕೇಳುವುದು ಪಿಂಚಣಿ. ಪಿಂಚಣಿಗೆ ಪ್ರಮಾಣಪತ್ರ, ಅದಕ್ಕೆ ತಪಾಸಣೆ. ಕರೆದೊಯ್ಯುವವರ ಒಂದು ದಿನದ ಕೂಲಿ ಖೋತಾ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ಬಸ್ಸಿನ ಮೆಟ್ಟಿಲು ಮಾತ್ರ ಇಳಿಯಲಿಲ್ಲ.

ಸಾಧನವೂ ಸಿಕ್ಕಿತು ಅನ್ನೋಣ. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಯಲಬುರ್ಗಾದ ಎರೆಮಣ್ಣಿನಲ್ಲಿ, ಒಂದು ಮಳೆ ಬಿದ್ದರೆ ಸಾಕು, ಹೂತುಕೊಳ್ಳುತ್ತವೆ. ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ನಾಲ್ಕು ಮಾರು ಹೋದರೆ ಮತ್ತೆ ಅದೇ ಕತೆ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲು ರಸ್ತೆಯಲ್ಲಿ ಓಡುತ್ತದೆ, ಮನೆಯ ಹೊಸ್ತಿಲು ದಾಟುವುದಿಲ್ಲ. ಅಲ್ಲಿಂದ ಒಳಗೆ ಕೈಯೂರಿ ತೆವಳಬೇಕು. ಕಡತದಲ್ಲಿ ಹಾಗೆ ತೆವಳುವವರ ಹೆಸರಿನ ಮುಂದೆ ‘ಸಾಧನ ವಿತರಿಸಲಾಗಿದೆ’ ಎಂದಿರುತ್ತದೆ.