ಕಥೆ ನಮ್ಮದು ಸರಿ, ಹಕ್ಕು ಯಾರದ್ದು?

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಹುಲಗೂರು ಎಂದರೆ ಮೊದಲು ನೆನಪಾಗುವುದು ಅಲ್ಲಿನ ಖಾದರ್ ಷಾ ವಲಿ ದರ್ಗಾ. ಮಕ್ಕಳಿಲ್ಲದ ದಂಪತಿ ಅಲ್ಲಿ ಹರಕೆ ಹೊತ್ತ ಮೇಲೆ ಶಿಶುನಾಳ ಶರೀಫರು ಹುಟ್ಟಿದರು ಎಂಬುದು ಆ ಸೀಮೆಯವರ ನಂಬಿಕೆ. ಶರೀಫರ ಬದುಕನ್ನು 1990ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುವ ನರ್ಗೀಸ್ ದತ್ ಪ್ರಶಸ್ತಿಯೂ ಅದಕ್ಕೆ ಬಂತು.

ಶರೀಫರ ಪದಗಳನ್ನು ಬಳಸಲು ಯಾರ ಅನುಮತಿ ಬೇಕು? ಯಾರದ್ದೂ ಬೇಡ. ಅವರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಈಗ ಎಲ್ಲರ ಸೊತ್ತು. ಆದರೆ ಅಶ್ವತ್ಥ್ ಕಟ್ಟಿದ ಧಾಟಿ, ಕ್ಯಾಸೆಟ್‌ನಲ್ಲಿರುವ ಧ್ವನಿಮುದ್ರಣ, ನಾಗಾಭರಣರ ಚಿತ್ರ, ಇವು ಎಲ್ಲರ ಸೊತ್ತಲ್ಲ. ಪದ ಹಾಡಿ, ಯಾರೂ ಕೇಳುವುದಿಲ್ಲ. ಅದೇ ಧ್ವನಿಮುದ್ರಣವನ್ನು ನಿಮ್ಮ ಚಿತ್ರಕ್ಕೆ ಹಾಕಿದರೆ ಕೇಳುವವರಿದ್ದಾರೆ.

ಈ ವ್ಯತ್ಯಾಸ ನಮಗೆ ಯಾಕೆ ಮುಖ್ಯ? ಈಗ ನಮ್ಮ ಮನೆಮನೆಯ ಹುಡುಗರ ಕೈಯಲ್ಲಿ ಕ್ಯಾಮೆರಾ ಇದೆ. ಕಿರುಚಿತ್ರ, ಯೂಟ್ಯೂಬ್ ಧಾರಾವಾಹಿ ಅಂತ ಉತ್ಸಾಹ ಜೋರಾಗಿದೆ. ಸಂತೋಷವೇ. ಆದರೆ "ನಮ್ಮ ಸಮುದಾಯದ ಕಥೆ ಅಲ್ವಾ, ನಾವು ಮಾಡಿದರೆ ಎಂಥ ತಪ್ಪು?" ಎನ್ನುವ ಮಾತು ಕೂಡ ಆಗಾಗ ಕೇಳುತ್ತದೆ. ಆ ಮಾತು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ.

ಚಂದ್ರಗಿರಿಯಿಂದ ಕೋರ್ಟಿಗೆ

2011ರಲ್ಲಿ 'ಬ್ಯಾರಿ' ಚಿತ್ರ ಬಂತು. ನಮ್ಮ ಭಾಷೆಯ ಮೊದಲ ಸಿನಿಮಾ. ಮರುವರ್ಷ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಮರಾಠಿಯ 'ದೇವುಳ್' ಜೊತೆಗೆ ಅತ್ಯುತ್ತಮ ಚಿತ್ರ ಎನಿಸಿಕೊಂಡಿತು. ಲಿಪಿಗಾಗಿ ಪರದಾಡುತ್ತಿದ್ದ ಭಾಷೆಗೆ ದೇಶದ ಅತಿ ದೊಡ್ಡ ಸಿನಿಮಾ ಗೌರವ. ಖುಷಿಪಡದ ಬ್ಯಾರಿ ಮನೆ ಇರಲಿಕ್ಕಿಲ್ಲ.

ಆ ಖುಷಿಯ ಒಳಗೇ ಒಂದು ನೋವು ಇತ್ತು. ಚಿತ್ರದ ಕಥೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯದ್ದು, ತಮ್ಮನ್ನು ಕೇಳಿಲ್ಲ ಎಂದು ಸಾರಾ ಅಬೂಬಕ್ಕರ್ ಮಂಗಳೂರಿನ ನ್ಯಾಯಾಲಯಕ್ಕೆ ಹೋದರು. 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅದು. ತಂದೆಯ ಹಟಕ್ಕೆ ಗಂಡನಿಂದ ದೂರವಾಗುವ ನಾದಿರಾ, ಮತ್ತೆ ಆತನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ತಲಾಖ್ ಪಡೆಯಬೇಕು ಎಂಬ ಸಂಕಟ, ಇದು ಅದರ ತಿರುಳು. ಅದನ್ನು ಬರೆದದ್ದಕ್ಕೆ ಸಾರಾ ಅವರು ನಮ್ಮವರಿಂದಲೇ ಸಾಕಷ್ಟು ಮಾತು ಕೇಳಿದ್ದರು.

2019ರಲ್ಲಿ ತೀರ್ಪು ಅವರ ಪರವಾಗಿ ಬಂತು. ಆಗ ಅವರಿಗೆ 80 ದಾಟಿತ್ತು. ಬರೆದಾಗ ಬೈಸಿಕೊಂಡವರೂ ಅವರೇ, ಅದೇ ಕಥೆ ತನ್ನದು ಎಂದು ಹೇಳಲು ಕೋರ್ಟಿನ ಮೆಟ್ಟಿಲು ಹತ್ತಿದವರೂ ಅವರೇ. ನಾವು ನೆನಪಿಡಬೇಕಾದ್ದು ಇದನ್ನು.

ವಿಷಯ ಎಲ್ಲರದ್ದು, ಕಥೆ ಒಬ್ಬರದ್ದು

ಹಾಗಾದರೆ ತಲಾಖ್ ಬಗ್ಗೆ ಬೇರೆಯವರು ಸಿನಿಮಾ ಮಾಡಬಾರದೇ? ಖಂಡಿತ ಮಾಡಬಹುದು. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ವಿಷಯಕ್ಕೆ, ಆಲೋಚನೆಗೆ ಹಕ್ಕುಸ್ವಾಮ್ಯ ಇಲ್ಲ. ಅದನ್ನು ಒಬ್ಬರು ಹೇಳಿದ ರೀತಿಗೆ ಇದೆ. ಮೂಲವನ್ನು ಓದಿದವರು ಅಥವಾ ನೋಡಿದವರು ಚಿತ್ರ ನೋಡಿ "ಇದು ಅದರದ್ದೇ ನಕಲು" ಎಂದು ತಪ್ಪದೆ ಅಂದುಕೊಳ್ಳುವಂತಿದ್ದರೆ ಅದು ಉಲ್ಲಂಘನೆ. ಆ ಪ್ರಕರಣದಲ್ಲಿ ನಾಟಕಕಾರ ಆನಂದ್ ಸೋತರು. ವಿಷಯ ಒಂದೇ ಆಗಿದ್ದರೂ ಚಿತ್ರ ಬೇರೆಯೇ ಎಂದು ಕೋರ್ಟ್ ಹೇಳಿತು.

ಭಾಷೆ ಬದಲಾದರೆ ಬಚಾವ್ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಕನ್ನಡದ ಕಥೆಯನ್ನು ಬ್ಯಾರಿಗೆ ತಂದರೂ, ಮಲಯಾಳಕ್ಕೆ ತಂದರೂ ಅನುವಾದದ ಹಕ್ಕು, ಸಿನಿಮಾ ಮಾಡುವ ಹಕ್ಕು ಲೇಖಕರದ್ದೇ. ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಹೊರಗಿನವರು ಬರೆದ ಕಥೆ ಪತ್ರಿಕೆಯದ್ದಾಗುವುದೂ ಇಲ್ಲ. ಹಕ್ಕು ಸಿಗಲು ನೋಂದಣಿ ಕಡ್ಡಾಯವಲ್ಲ. ಬರೆದ ಕ್ಷಣದಿಂದಲೇ ಅದು ಇರುತ್ತದೆ. ನೋಂದಣಿ ಮಾಡಿಸಿದರೆ ಮುಂದೆ ಸಾಕ್ಷಿಗೆ ಅನುಕೂಲ, ಅಷ್ಟೆ.

ಉಮ್ಮಮ್ಮ ಹೇಳಿದ ಜನಪದ ಕಥೆಯಾದರೆ? ಅದು ಎಲ್ಲರದ್ದು. ಆದರೆ ಯಾರೋ ಅದನ್ನು ತಮ್ಮ ಮಾತಿನಲ್ಲಿ ತಿದ್ದಿ ತೀಡಿ ಪುಸ್ತಕ ಮಾಡಿದ್ದರೆ, ಆ ಬರವಣಿಗೆ ಅವರದ್ದು.

ಬಾಯಿಮಾತು ಸಾಲದು

ಸಲಾಂ ಹೇಳಿ, ಚಹಾ ಕುಡಿದು, "ಮಾಡಿ ಮಾರಾಯ್ರೆ" ಎಂದರೆ ಅದು ಸ್ನೇಹ, ಒಪ್ಪಂದ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ಹಣ, ಎಲ್ಲವೂ ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗಲ್ಫ್‌ನಲ್ಲಿ ಚಿತ್ರ ತೋರಿಸುವ ಆಸೆ ಇರುವವರು ಇದನ್ನು ಗಮನಿಸಬೇಕು. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಹೇಳಿಲ್ಲವಾದರೆ, ಅದು ರದ್ದಾಗುತ್ತದೆ. ಚಿತ್ರಮಂದಿರ, ಟಿವಿ, ಒಟಿಟಿ, ರೀಮೇಕ್, ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಹಣ ಕೊಟ್ಟ ಮೇಲೆ ಕಥೆಯನ್ನು ಹೇಗೆ ಬೇಕಾದರೂ ತಿರುಚಬಹುದು ಅಂತಲೂ ಇಲ್ಲ. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ 'ಆಪ್ ಕಾ ಬಂಟಿ' ಕಾದಂಬರಿಯ ಸಿನಿಮಾ ಹಕ್ಕು ಕೊಟ್ಟಿದ್ದರು. ಚಿತ್ರದಲ್ಲಿ ಕಥೆ ಕೆಟ್ಟಿತೆಂದು ದೆಹಲಿ ಹೈಕೋರ್ಟಿಗೆ ಹೋದರು. ಹಕ್ಕು ಮಾರಿದ ಮೇಲೂ ತನ್ನ ಕೃತಿ ವಿರೂಪವಾಗದಂತೆ ಕೇಳುವ ಹಕ್ಕು ಲೇಖಕರಿಗೆ ಉಳಿಯುತ್ತದೆ ಎಂದು ಆ ಕೋರ್ಟ್ ಒಪ್ಪಿತು. ಸಿನಿಮಾಕ್ಕೆ ಬೇಕಾದ ಬದಲಾವಣೆ ಸರಿ, ಹಾಗಂತ ಕಥೆಯ ಜೀವ ತೆಗೆಯುವಂತಿಲ್ಲ.

ಲೇಖಕರ ಮರಣದ ನಂತರವೂ 60 ವರ್ಷ ಹಕ್ಕು ಇರುತ್ತದೆ. ಸಾರಾ ಅವರು ನಮ್ಮನ್ನು ಅಗಲಿದ್ದು 2023ರ ಜನವರಿಯಲ್ಲಿ. ಅಂದರೆ 2083ರ ಕೊನೆಯ ತನಕ ಅವರ ಕಥೆ ಬಯಸುವವರು ಅವರ ವಾರಸುದಾರರನ್ನೇ ಕೇಳಬೇಕು. ಜಮೀನಿನ ಕಾಗದದ ಹಾಗೆ ಇದೂ ಒಂದು ಆಸ್ತಿ. ಮನೆಯಲ್ಲಿ ಯಾರಾದರೂ ಬರೆಯುವವರಿದ್ದರೆ ಅವರ ಹಸ್ತಪ್ರತಿ, ಪ್ರಕಾಶಕರ ಒಪ್ಪಂದ, ಪತ್ರಿಕೆಯ ಕತ್ತರಿಕೆಗಳನ್ನು ಒಂದು ಕಡೆ ಜೋಪಾನ ಮಾಡಿಡಿ.

ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಆಧರಿಸಿದ್ದು ಎಂದು ಎಲ್ಲರಿಗೂ ಗೊತ್ತು. ಅದರಿಂದ ನಿರ್ದೇಶಕರ ಹೆಸರೇನೂ ಕಡಿಮೆಯಾಗಲಿಲ್ಲ. ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಬ್ಯಾರಿ ಭಾಷೆಯಲ್ಲಿ ಇನ್ನೂ ಹತ್ತಾರು ಸಿನಿಮಾ ಬರಲಿ. ಕ್ಯಾಮೆರಾ ಹಿಡಿಯುವ ಮೊದಲು ಕಥೆ ಬರೆದವರ ಮನೆಗೆ ಒಮ್ಮೆ ಹೋಗಿ ಬನ್ನಿ. ಹೋಗುವಾಗ ಒಂದು ಒಪ್ಪಂದದ ಪತ್ರವೂ ಕೈಯಲ್ಲಿರಲಿ.